ಬೀಜಗುಣ ಮತ್ತು ಕ್ಷೇತ್ರಗುಣ: ಹಂದಿಗೋಡಿನ ರೋಗದ ಚರಿತ್ರೆ ತಿಳಿಸುವುದೇನು?

ಒಂದೇ ತಾಯಿಯ ಮಕ್ಕಳು ಒಬ್ಬರಂತೆ ಒಬ್ಬರಿರುವುದಿಲ್ಲ. ಒಂದೇ ಗದ್ದೆಯ ಪೈರಿನಲ್ಲಿ ಎರಡು ತೆನೆಗಳು ಸರಿಸಮನಾಗಿರುವುದಿಲ್ಲ. ಜೀವಿಗಳಲ್ಲಿ ಕಾಣಬರುವ ಈ ವೈವಿಧ್ಯಕ್ಕೆ ಕಾರಣವೇನೆಂಬುದು ಬಹು ಹಳೆಯ ಪ್ರಶ್ನೆ. ಕನ್ನಡ ಜನ “ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂದೂ ಹೇಳಿದರು. “ಸಹವಾಸದೋಷದಿಂದ ಸಂನ್ಯಾಸಿ ಕೆಟ್ಟ” ಎಂದೂ ಹೇಳಿದರು. ಮೊದಲನೆಯದು ಬೀಜದ ಪಕ್ಷವನ್ನು ಹಿಡಿದ ಮಾತು. ಎರಡನೆಯದು ಕ್ಷೇತ್ರದ ಪಕ್ಷವನ್ನು ಹಿಡಿದದ್ದು. ತಂದೆತಾಯಿಗಳಿಂದ ಬಂದುದು ಬೀಜ. ಅನ್ನ, ನೀರು, ಗಾಳಿ, ದುಡಿಮೆ, ನೆರೆಹೊರೆ ಇವೆಲ್ಲ ಸೇರಿ ಕ್ಷೇತ್ರ. ಈ ಎರಡನ್ನೂ ಪರಸ್ಪರ ವಿರೋಧಿಗಳೆಂದು ಭಾವಿಸಿ, ಬೀಜದಿಂದ ಬಂದುದು ತಪ್ಪದ ವಿಧಿಯೆಂದೂ ಕ್ಷೇತ್ರದಿಂದ ಬಂದುದು ಸುಲಭವಾಗಿ ಕಳೆಯಬಹುದಾದುದೆಂದೂ ನಂಬುವ ರೂಢಿ ವಿದ್ಯಾವಂತರಲ್ಲಿಯೂ ಇದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರೀಕ್ಷಿಸಲು ಕನ್ನಡನಾಡಿನ ಒಂದು ಹಳ್ಳಿಯ ರೋಗಚರಿತ್ರೆಯೂ ಹೈದರಾಬಾದಿನ ಎರಡು ಸಂಶೋಧನಾಲಯಗಳ ಇತಿಹಾಸವೂ ಬಹಳ ನೆರವಾಗುತ್ತವೆ.

ಹೈದರಾಬಾದಿನ ಈಶಾನ್ಯ ಭಾಗದಲ್ಲಿರುವ ಕುಷಾಯಿಗೂಡ ಕೈಗಾರಿಕೆಯಿಂದ ಬೆಳೆದ ಬಡಾವಣೆ. ಸಮೀಪದಲ್ಲಿ ೧೯೬೭ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್, ೧೯೭೧ರಲ್ಲಿ ಪರಮಾಣು ಇಂಧನ ಸಂಕೀರ್ಣ ಸ್ಥಾಪಿತವಾದ ಮೇಲೆ ನಾನಾ ಪ್ರಾಂತಗಳ ಜನ ಉದ್ಯೋಗಕ್ಕಾಗಿ ಈ ಕಡೆಗೆ ಬಂದರು. ಇಲ್ಲಿಂದ ಮೌಲಾಲಿಯ ಮಾರ್ಗವಾಗಿ ನಗರದ ಕಡೆಗೆ ಹೊರಟವರು ಅನತಿ ಕಾಲದಲ್ಲಿ ತಾರ್ನಾಕವನ್ನೂ ಹಬ್ಸಿಗೂಡವನ್ನೂ ಮುಟ್ಟುತ್ತಾರೆ. ತಾರ್ನಾಕದಲ್ಲಿರುವುದು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ. ಹಬ್ಸಿಗೂಡದಲ್ಲಿರುವುದು ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರ. ಮೊದಲನೆಯದು ಅನ್ನದ ಶಾಸ್ತ್ರವನ್ನೂ, ಎರಡನೆಯದು ವಂಶವಾಹಿಯ ಶಾಸ್ತ್ರವನ್ನೂ ಮುಖ್ಯವಾಗಿ ಅನುಸರಿಸಿ ಬಂದುವು. ಕ್ಷೇತ್ರ, ಬೀಜಗಳ ಹಳೆಯ ವಾದದ ಎರಡು ಮಗ್ಗುಲುಗಳೂ ಹೀಗೆ ಒಂದೇ ದಾರಿಯಲ್ಲಿ ಮನೆ ಮಾಡಿಕೊಂಡಿವೆ.

ವಾದದ ಆಧುನಿಕ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ನೋಡಬಹುದು. ೧೮೭೪ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಪ್ರಕೃತಿ ಮತ್ತು ಪೋಷಣೆ ಎಂಬ ಜೋಡಿ ಮಾತನ್ನು ಶಾಸ್ತ್ರದೊಳಕ್ಕೆ ತಂದನು. ಆದರೆ ಎರಡನ್ನೂ ಪ್ರಯೋಗದಿಂದ ಬೇರ್ಪಡಿಸಿ ತೋರಿಸಿದವನು ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್ಸೆನ್. ಅವನು ಹುರುಳಿಕಾಯಿ ಜಾತಿಯ ಗಿಡಗಳ ಕಾಳುಗಳನ್ನು ತೂಗಿ ಬಿತ್ತಿ ಹಲವು ಶುದ್ಧ ತಳಿಗಳನ್ನು ಬೆಳೆಸಿದನು. ಒಂದೇ ಶುದ್ಧ ತಳಿಯೊಳಗೂ ದಪ್ಪ ಕಾಳು, ಸಣ್ಣ ಕಾಳು ಇದ್ದುವು. ಆದರೆ ದಪ್ಪ ಕಾಳನ್ನೇ ಆರಿಸಿ ಬಿತ್ತಿದರೂ ಮುಂದಿನ ಪೀಳಿಗೆಯ ಸರಾಸರಿ ತೂಕ ಹೆಚ್ಚಲಿಲ್ಲ. ಒಂದು ತಳಿಗೂ ಇನ್ನೊಂದು ತಳಿಗೂ ಇದ್ದ ಅಂತರವಾದರೋ ಪೀಳಿಗೆಯಿಂದ ಪೀಳಿಗೆಗೆ ಉಳಿದುಕೊಂಡಿತು. ತಳಿಯೊಳಗಿನ ಭೇದ ಮಣ್ಣು, ನೀರು, ಕಾಯಿಯಲ್ಲಿ ದೊರೆತ ಸ್ಥಳ ಇವುಗಳಿಂದ ಬಂದುದು. ತಳಿಗಳ ನಡುವಣ ಭೇದ ಬೀಜದಿಂದ ಬಂದುದು. ೧೯೦೩ರಲ್ಲಿ ಪ್ರಕಟವಾದ ಈ ಕೆಲಸದಿಂದ, ಕಣ್ಣಿಗೆ ಕಾಣುವ ರೂಪ ಬೇರೆ, ಒಳಗಿನ ಬೀಜರೂಪ ಬೇರೆ ಎಂಬ ವಿವೇಕ ಹುಟ್ಟಿತು. ‘ಜೀನ್’ ಎಂಬ ಶಬ್ದವನ್ನು ೧೯೦೯ರಲ್ಲಿ ಬಳಕೆಗೆ ತಂದವನೂ ಯೋಹಾನ್ಸೆನ್ನನೇ.

ಇಷ್ಟರಿಂದ ಎರಡು ಕಾರಣಗಳನ್ನು ಗಣಿತದ ಮೊತ್ತದಂತೆ ಕೂಡಿಸಿಬಿಡಬಹುದೆಂದು ತೋರಬಹುದು. ಹಾಗಲ್ಲವೆಂಬುದನ್ನು ಜೆ. ಬಿ. ಎಸ್. ಹಾಲ್ಡೇನ್ ೧೯೪೬ರ ಒಂದು ಪ್ರಬಂಧದಲ್ಲಿ ವಿಶದಪಡಿಸಿದರು. ಎರಡು ತಳಿಗಳನ್ನು ಎರಡು ಕ್ಷೇತ್ರಗಳಲ್ಲಿ ಬೆಳೆಸಿದರೆ, ಒಂದು ಕ್ಷೇತ್ರದಲ್ಲಿ ಮುಂದಾದ ತಳಿ ಇನ್ನೊಂದರಲ್ಲಿ ಹಿಂದಾಗಬಹುದು. ಆದಕಾರಣ ಯಾವ ಬೀಜ ಉತ್ತಮವೆಂಬ ಪ್ರಶ್ನೆಗೆ ಯಾವ ನೆಲದಲ್ಲಿ ಎಂಬ ಮರುಪ್ರಶ್ನೆಯಿಲ್ಲದೆ ಉತ್ತರವಿಲ್ಲ. ಹಾಲ್ಡೇನರು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ತಾರ್ನಾಕದ ಸಂಸ್ಥೆಯ ಮೂಲ ಹೈದರಾಬಾದಿನಲ್ಲಿಲ್ಲ, ನೀಲಗಿರಿಯ ಕೂನೂರಿನಲ್ಲಿದೆ. ೧೯೧೮ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯಾಧಿಕಾರಿಯು ಬೆರಿಬೆರಿ ರೋಗದ ವಿಚಾರಣೆಗೆಂದು ಅಲ್ಲಿ ಒಂದು ಸಣ್ಣ ಪ್ರಯೋಗಶಾಲೆಯನ್ನು ಆರಂಭಿಸಿದನು. ಅದು ಬೆಳೆದು ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ೧೯೬೯ರಲ್ಲಿ ಈಗಿನ ಹೆಸರನ್ನು ಪಡೆಯಿತು. ಮೆಕ್ಯಾರಿಸನ್ನನ ಪ್ರಸಿದ್ಧ ಪ್ರಯೋಗವೊಂದರಲ್ಲಿ ಕನ್ನಡಿಗರಿಗೂ ಒಂದು ಸ್ಥಾನ ದೊರೆತಿದೆ. ಅವನು ಒಂದೇ ತಳಿಯ ಬಿಳಿ ಇಲಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಸಿಖ್ಖರ ಊಟ, ಒಂದಕ್ಕೆ ಪಠಾಣರದು, ಒಂದಕ್ಕೆ ಮರಾಠರದು, ಮತ್ತೊಂದಕ್ಕೆ ಗೂರ್ಖರದು, ಹೀಗೆಯೇ ಕನ್ನಡಿಗರ, ಬಂಗಾಳಿಗಳ, ಮದರಾಸಿಗಳ ಊಟವನ್ನು ಹಾಕಿ ಸಾಕಿದನು. ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಕಾಯಿಪಲ್ಲೆ ತಿಂದ ‘ಸಿಖ್ಖ’ ಇಲಿಗಳು ಸರಾಸರಿ ೨೩೫ ಗ್ರಾಮು ತೂಗಿದುವು. ‘ಕನ್ನಡ’ ಇಲಿಗಳು ೧೮೫ ಗ್ರಾಮು. ನುಣ್ಣಗೆ ಮಾಡಿದ ಅಕ್ಕಿಯೇ ಮುಖ್ಯವಾದ ‘ಮದರಾಸಿ’ ಊಟದವು ೧೫೫ ಗ್ರಾಮು.

ಈ ಪ್ರಯೋಗದ ಬಲವೂ ಮಿತಿಯೂ ಒಂದೇ ಕಡೆ ಇವೆ. ಇಲಿಗಳ ಬೀಜ ಒಂದೇ ಆಗಿದ್ದುದರಿಂದ, ತೂಕದ ಅಂತರವೆಲ್ಲ ಊಟದಿಂದಲೇ ಬಂದುದೆಂದು ನಿಶ್ಚಯವಾಗಿ ಹೇಳಬಹುದು. ಆದರೆ ಸಿಖ್ಖರಿಗೂ ಮದರಾಸಿಗಳಿಗೂ ಮೈಕಟ್ಟಿನಲ್ಲಿರುವ ಅಂತರವೆಲ್ಲ ಊಟದಿಂದಲೇ ಬಂದುದೆಂದು ಇದರಿಂದ ಸಿದ್ಧವಾಗುವುದಿಲ್ಲ. ಬೀಜ ಬೇರೆಯಾದರೆ ಏನಾಗುತ್ತದೆಂಬುದನ್ನು ಈ ಪ್ರಯೋಗ ಕೇಳಿಯೇ ಇಲ್ಲ. ಕ್ಷೇತ್ರದ ಶಕ್ತಿಯನ್ನು ಹೀಗೆ ಕಂಡ ಸಂಪ್ರದಾಯವೇ ಮುಂದೆ ಹೈದರಾಬಾದಿಗೆ ಬಂದು ದಕ್ಷಿಣದ ಎರಡು ಮೂಳೆರೋಗಗಳನ್ನು ಎದುರಿಸಬೇಕಾಯಿತು.

ಅವುಗಳಲ್ಲಿ ಮೊದಲನೆಯದು ಹೈದರಾಬಾದಿಗೆ ನೆರೆಯ ನಲ್ಗೊಂಡ ಜಿಲ್ಲೆಯದು. ಅಲ್ಲಿನ ಅನೇಕ ಗ್ರಾಮಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತಿದ್ದುವು; ವಯಸ್ಸಾದವರ ಬೆನ್ನುಮೂಳೆ ಬಿಗಿದು ಕೋಲಿನಂತಾಗುತ್ತಿತ್ತು; ತಾರುಣ್ಯದಲ್ಲಿಯೇ ನಡು ಬಾಗಿದವರೂ ಇದ್ದರು. ಕಗ್ಗಲ್ಲಿನ ಭೂಮಿಯ ಬಾವಿನೀರಿನಲ್ಲಿ ಕರಗಿದ ಫ್ಲೋರೈಡೇ ಇದಕ್ಕೆ ಕಾರಣ. ಇದೇ ಬಗೆಯ ರೋಗವನ್ನು ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿದ ವರದಿ ೧೯೩೭ರಲ್ಲಿಯೇ ಪ್ರಕಟವಾಗಿತ್ತು; ನಲ್ಗೊಂಡದ ರೋಗಿಗಳನ್ನು ಕುರಿತ ಎ. ಎಚ್. ಸಿದ್ದಿಕಿಯವರ ಲೇಖನ ೧೯೫೫ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಬಂದಿತು. ೧೯೭೩ರಲ್ಲಿ ತಾರ್ನಾಕದ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿಯವರು ಫ್ಲೋರೈಡು ಹೆಚ್ಚಾದ ಪ್ರದೇಶದಲ್ಲಿ ಎಳೆಯರ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಹೊಸ ವಿಕಾರವನ್ನು ವರ್ಣಿಸಿದರು.

ಇದು ಕ್ಷೇತ್ರರೋಗವೆಂಬುದರಲ್ಲಿ ಸಂಶಯವಿಲ್ಲ. ಆದಾಗ್ಯೂ ಇಲ್ಲಿಯೂ ಬೀಜವು ಸುಮ್ಮನಿರುವುದಿಲ್ಲ. ೨೦೦೨ರಲ್ಲಿ ಅಮೆರಿಕದ ಸಂಶೋಧಕರು ಹನ್ನೆರಡು ಶುದ್ಧ ತಳಿಗಳ ಸಣ್ಣ ಇಲಿಗಳಿಗೆ ಫ್ಲೋರೈಡು ಬೆರೆತ ನೀರನ್ನು ಕುಡಿಸಿದಾಗ, ಕೆಲವು ತಳಿಗಳ ಹಲ್ಲು ಬೇಗ ಕೆಟ್ಟಿತು. ಕೆಲವು ತಳಿಗಳು ತಾಳಿಕೊಂಡುವು. ಮೆಕ್ಯಾರಿಸನ್ನನು ತಳಿಯನ್ನು ಒಂದಾಗಿಸಿ ಊಟವನ್ನು ಬದಲಿಸಿದ್ದನು. ಇವರು ನೀರನ್ನು ಒಂದಾಗಿಸಿ ತಳಿಯನ್ನು ಬದಲಿಸಿದರು. ಎರಡು ಪ್ರಯೋಗಗಳನ್ನೂ ಜೊತೆಗಿಟ್ಟು ಓದಿದಾಗಲೇ ಚಿತ್ರ ಪೂರ್ಣವಾಗುತ್ತದೆ.

ನಲ್ಗೊಂಡದ ಚರಿತ್ರೆಯಲ್ಲಿ ಇನ್ನೊಂದು ಅಂಶ ಗಮನಾರ್ಹವಾದುದು. ರೋಗದ ಕಾರಣ ತಿಳಿದಿತ್ತು. ಅದು ಬೀಜದಲ್ಲಿರದೆ ನೀರಿನಲ್ಲಿತ್ತು. ೧೯೭೦ರ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಸಂಸ್ಥೆಯೊಂದು ಸ್ಫಟಿಕ ಮತ್ತು ಸುಣ್ಣಗಳಿಂದ ಫ್ಲೋರೈಡನ್ನು ತೆಗೆಯುವ ವಿಧಾನವನ್ನು ರೂಪಿಸಿ, ಅದಕ್ಕೆ ನಲ್ಗೊಂಡ ವಿಧಾನವೆಂದೇ ಹೆಸರಿಟ್ಟಿತು. ಹೀಗಿದ್ದರೂ ನದಿಯ ನೀರನ್ನು ಮನೆಮನೆಗೆ ಮುಟ್ಟಿಸುವ ತೆಲಂಗಾಣದ ಭಗೀರಥ ಯೋಜನೆ ಉದ್ಘಾಟನೆಯಾದುದು ೨೦೧೬ರಲ್ಲಿ. ಸಿದ್ದಿಕಿಯವರ ಲೇಖನಕ್ಕೂ ಇದಕ್ಕೂ ನಡುವೆ ಅರುವತ್ತೊಂದು ವರ್ಷಗಳು. ಕ್ಷೇತ್ರದ ದೋಷ ಸುಲಭವಾಗಿ ಕಳೆಯತಕ್ಕದ್ದೆಂಬ ಮಾತಿಗೆ ಈ ಮೂರು ತಲೆಮಾರುಗಳ ಬಾಗಿದ ಬೆನ್ನುಗಳೇ ಉತ್ತರ.

ಎರಡನೆಯ ರೋಗ ಕನ್ನಡನಾಡಿನದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ೧೯೭೦ರ ದಶಕದ ನಡುವಿನಲ್ಲಿ ಒಂದು ವಿಚಿತ್ರ ವ್ಯಾಧಿ ಹೊರಗಿನವರ ಗಮನಕ್ಕೆ ಬಂದಿತು. ಸೊಂಟದ ಕೀಲಿನಲ್ಲಿ ನೋವು ಆರಂಭವಾಗುವುದು. ಕ್ರಮೇಣ ನಡೆಯುವುದು ದುಸ್ತರವಾಗುವುದು. ಕೆಲವರು ನೆಟ್ಟಗೆ ನಿಲ್ಲಲಾರದೆ ಬಾಗುವರು. ಕೆಲವು ಮನೆಗಳಲ್ಲಿ ದೇಹ ಗಿಡ್ಡವಾಗಿಯೇ ಉಳಿಯುವುದು. ರೋಗಿಗಳು ಬಹುಮಟ್ಟಿಗೆ ಗದ್ದೆತೋಟಗಳಲ್ಲಿ ಕೂಲಿ ಮಾಡುವ, ಪರಿಶಿಷ್ಟ ಜಾತಿಗಳಿಗೆ ಸೇರಿದ ಬಡವರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇತರ ಗ್ರಾಮಗಳಲ್ಲಿಯೂ ಇದೇ ರೋಗ ಇರುವುದು ಅನಂತರ ತಿಳಿದುಬಂದಿತು.

ಕಾಲದ ಸನ್ನಿವೇಶಕ್ಕೆ ತಕ್ಕಂತೆ ಮೊದಲ ಸಂಶಯ ಕ್ಷೇತ್ರದ ಮೇಲೆ ಹೋಯಿತು. ಭತ್ತದ ಗದ್ದೆಗಳಿಗೆ ಎಂಡ್ರಿನ್, ಪ್ಯಾರಾಥಿಯಾನ್ ಮೊದಲಾದ ಕೀಟನಾಶಕಗಳು ಬರತೊಡಗಿದ ದಿನಗಳವು. ಬೇರೆ ಪಲ್ಯಕ್ಕೆ ಗತಿಯಿಲ್ಲದ ಕೂಲಿಕಾರರು ಗದ್ದೆಯ ಏಡಿಯನ್ನೂ ಮೀನನ್ನೂ ಹಿಡಿದು ತಿನ್ನುತ್ತಿದ್ದರು. ವಿಷ ತಗುಲಿದ ಏಡಿಯೇ ರೋಗಕ್ಕೆ ಮೂಲವೆಂಬ ಊಹೆ ಹೀಗೆ ಹುಟ್ಟಿತು. ನಲ್ಗೊಂಡದಲ್ಲಿ ನೀರೇ ಮೂಳೆಯನ್ನು ಕೆಡಿಸಿದುದನ್ನು ಕಂಡಿದ್ದವರಿಗೆ ಈ ಊಹೆ ಅಸಂಗತವಾಗಿ ತೋರುವಂತಿರಲಿಲ್ಲ. ತಾರ್ನಾಕದ ಸಂಸ್ಥೆಯಿಂದಲೇ ಕೃಷ್ಣಮಾಚಾರಿಯವರೂ ಆರ್. ವಿ. ಭಟ್ಟರೂ ಮಲೆನಾಡಿನ ಈ ರೋಗವನ್ನು ಕುರಿತು ಅಧ್ಯಯನ ನಡೆಸಿದರು. ೧೯೭೭ರಲ್ಲಿ ಪ್ರಕಟವಾದ ಅವರ ಲೇಖನವು ರೋಗಕ್ಕೆ ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತವೆಂಬ ಅರ್ಥದ ಹೆಸರನ್ನು ಕೊಟ್ಟಿತು. ಆ ಹೆಸರಿನಲ್ಲಿಯೇ ಎರಡು ಪಕ್ಷಗಳೂ ಅಕ್ಕಪಕ್ಕದಲ್ಲಿ ಕುಳಿತಿವೆ: ‘ಸ್ಥಳೀಯ’ವೆಂಬುದು ಕ್ಷೇತ್ರದ ಕಡೆಗೆ ಕೈ ತೋರುತ್ತದೆ, ‘ಕೌಟುಂಬಿಕ’ವೆಂಬುದು ಬೀಜದ ಕಡೆಗೆ.

ಇಲ್ಲಿನ ತೊಡಕು ಸಾಮಾನ್ಯವಾದುದಲ್ಲ. ಒಂದೇ ಕುಟುಂಬದವರಲ್ಲಿ ಹರಿಯುವುದು ಒಂದೇ ರಕ್ತ. ಅವರು ಉಣ್ಣುವುದೂ ಒಂದೇ ಮಡಕೆಯ ಗಂಜಿ. ರೋಗ ಕುಟುಂಬದಲ್ಲಿ ಹರಿದುಬಂದಿತೆಂದ ಮಾತ್ರಕ್ಕೆ ಅದು ರಕ್ತದಿಂದ ಬಂದಿತೆಂದು ಹೇಳಲಾಗದು. ಬಡತನವೂ ಕುಟುಂಬದಲ್ಲಿಯೇ ಹರಿದುಬರುತ್ತದೆ. ಎರಡನ್ನೂ ಬೇರ್ಪಡಿಸಲು ವಂಶವೃಕ್ಷದ ವಿನ್ಯಾಸವನ್ನು ನೋಡಬೇಕು. ವಿಷಾಹಾರವೇ ಕಾರಣವಾಗಿದ್ದರೆ, ಒಂದೇ ಊಟವನ್ನುಂಡವರಲ್ಲಿ ರೋಗವು ತಂದೆತಾಯಿಗಳ ಸ್ಥಿತಿಯನ್ನು ಲೆಕ್ಕಿಸದೆ ಹರಡಬೇಕು. ಒಂದು ಪ್ರಬಲ ವಂಶವಾಹಿಯೇ ಕಾರಣವಾಗಿದ್ದರೆ, ರೋಗಿಯಾದ ತಂದೆಯ ಅಥವಾ ತಾಯಿಯ ಮಕ್ಕಳಲ್ಲಿ ಸರಾಸರಿ ಅರ್ಧ ಪಾಲಿಗೆ, ಗಂಡುಹೆಣ್ಣೆಂಬ ಭೇದವಿಲ್ಲದೆ, ಪೀಳಿಗೆ ತಪ್ಪದೆ ರೋಗ ಬರಬೇಕು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಸಂಸ್ಥೆಯ ಎಸ್. ಎಸ್. ಅಗರವಾಲರೂ ಸಹೋದ್ಯೋಗಿಗಳೂ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿ ೧೯೯೪ರಲ್ಲಿ ಪ್ರಕಟಿಸಿದ ನಿರ್ಣಯ ಎರಡನೆಯ ಬಗೆಯದು. ಬೆನ್ನೆಲುಬಿನಲ್ಲಿಯೂ ಕೈಕಾಲುಗಳ ಮೂಳೆಗಳ ತುದಿಗಳಲ್ಲಿಯೂ ಬೆಳವಣಿಗೆಯೇ ವಿಕೃತವಾಗುವ ವಂಶಾಗತ ರೋಗವಿದು. ಪ್ರಬಲ ವಂಶವಾಹಿಯ ಮೂಲಕ ಇಳಿದುಬರುತ್ತದೆ. ಸೊಂಟ ಮಾತ್ರ ಕೆಡುವುದು, ಬೆನ್ನೆಲುಬೂ ಕೆಡುವುದು, ದೇಹ ಗಿಡ್ಡವಾಗುವುದು ಎಂದು ಮೂರು ರೂಪಗಳನ್ನು ತಾಳುತ್ತದೆ. ವಂಶಾಗತ ಮೂಳೆರೋಗಗಳ ಪಟ್ಟಿಯಲ್ಲಿ ಇಂದು ‘ಹಂದಿಗೋಡು ಬಗೆ’ ಎಂಬುದೇ ಒಂದು ಪ್ರತ್ಯೇಕ ನಮೂದು.

ಈ ನಿರ್ಣಯವನ್ನು ತಪ್ಪಾಗಿ ಅರ್ಥಮಾಡಿಕೊಳ್ಳುವುದು ಸುಲಭ. ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ಪದ್ಧತಿಯಿಂದಲೇ ಈ ರೋಗ ಬಂದಿತೆಂದು ಹೇಳುವವರುಂಟು. ಪ್ರಬಲ ವಂಶವಾಹಿಗೆ ಅಂತಹ ವಿವಾಹದ ಅಗತ್ಯವೇ ಇಲ್ಲ. ತಂದೆತಾಯಿಗಳಲ್ಲಿ ಒಬ್ಬರಿಂದ ಬಂದ ಒಂದೇ ಪ್ರತಿ ಸಾಕು. ಸಮುದಾಯದೊಳಗೇ ನಡೆಯುವ ವಿವಾಹವು ಆ ವಂಶವಾಹಿಯನ್ನು ಕೆಲವು ಮನೆತನಗಳ ಎಲ್ಲೆಯೊಳಗೆ ಇರಿಸಿತೆಂದು ಮಾತ್ರ ಹೇಳಬಹುದು. ಎರಡನೆಯದಾಗಿ, ವಂಶಾಗತವೆಂಬ ಮಾತು ಉಪೇಕ್ಷೆಗೆ ನೆಪವಾಗಕೂಡದು. ಕೀಲು ಸವೆದವನಿಗೆ ಭಾರ ಹೊರುವ ಕೂಲಿಯೊಂದೇ ಗತಿಯೋ, ಕುಳಿತು ಮಾಡುವ ಕೆಲಸ ದೊರೆವುದೋ, ಕೃತಕ ಕೀಲಿನ ಶಸ್ತ್ರಚಿಕಿತ್ಸೆ ಅವನ ಕೈಗೆಟಕುವುದೋ, ಇವೆಲ್ಲ ಕ್ಷೇತ್ರದ ಸಂಗತಿಗಳು. ಒಂದೇ ವಂಶವಾಹಿಯನ್ನು ಹೊತ್ತ ಧನಿಕನ ಬಾಳೂ ಕೂಲಿಯ ಬಾಳೂ ಒಂದೇ ಆಗಲಾರದು. ಮೂರನೆಯದಾಗಿ, ರೋಗ ಬೀಜದಿಂದ ಬಂದಿತೆಂದು ಸಿದ್ಧವಾದುದರಿಂದ ಗದ್ದೆಯ ವಿಷ ನಿರ್ದೋಷಿಯಾಗುವುದಿಲ್ಲ. ಏಡಿಯಲ್ಲಿ ಸೇರಿದ ಎಂಡ್ರಿನ್ ತಿಂದವನಿಗೆ ವಿಷವೇ ಸರಿ.

ಬೀಜವೂ ಕ್ಷೇತ್ರವೂ ಒಟ್ಟುಗೂಡಿದಾಗ ಮಾತ್ರ ಕೇಡು ಪ್ರಕಟವಾಗುವ ಸಂದರ್ಭಗಳೂ ಉಂಟು. ಅದಕ್ಕೆ ನಿದರ್ಶನ ಹಬ್ಸಿಗೂಡದ ಕೇಂದ್ರದ ಕೆಲಸದಲ್ಲಿ ದೊರೆಯುತ್ತದೆ. ೧೯೭೭ರಲ್ಲಿ ಆರಂಭವಾದ ಈ ಕೇಂದ್ರಕ್ಕೆ ಪಿ. ಎಂ. ಭಾರ್ಗವರು ಸ್ಥಾಪಕ ನಿರ್ದೇಶಕರು. ಅಲ್ಲಿನ ಕುಮಾರಸ್ವಾಮಿ ತಂಗರಾಜ್, ಲಾಲ್ಜಿ ಸಿಂಗ್ ಅವರೂ ಅಮೆರಿಕದ ಡೇವಿಡ್ ರೈಕ್ ಮೊದಲಾದವರೂ ೨೦೦೯ರಲ್ಲಿ ಪ್ರಕಟಿಸಿದ ಲೇಖನವು ಭಾರತದ ೨೫ ಸಮುದಾಯಗಳ ೧೩೨ ಜನರ ವಂಶವಾಹಿಗಳನ್ನು ಹೋಲಿಸಿ ನೋಡಿತು. ಅನೇಕ ಸಮುದಾಯಗಳು ಹಿಂದೆಂದೋ ಕೆಲವೇ ಪೂರ್ವಜರಿಂದ ಮೊದಲಾಗಿ, ತಮ್ಮೊಳಗೇ ವಿವಾಹವಾಗುತ್ತ ಬಂದಿವೆಯೆಂಬುದು ಅದರಿಂದ ತಿಳಿದುಬಂದಿತು. ೨೦೧೭ರಲ್ಲಿ ಇನ್ನೂ ವಿಸ್ತಾರವಾದ ಅಧ್ಯಯನ ನಡೆದು, ೨೬೩ ಗುಂಪುಗಳಲ್ಲಿ ೮೧ರ ಪೂರ್ವಜ ಸಂಕೋಚ ಫಿನ್ಲೆಂಡಿನವರದಕ್ಕಿಂತ ತೀವ್ರವಾದುದೆಂದು ಕಂಡುಬಂದಿತು.

ತೆಲುಗು ಕನ್ನಡ ಎರಡೂ ನಾಡುಗಳಲ್ಲಿ ನೆಲಸಿರುವ ಆರ್ಯವೈಶ್ಯರು ಇಂತಹ ಸಮುದಾಯಗಳಲ್ಲಿ ಒಂದು. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಗೊಳಿಸಲು ಸಕ್ಸಿನೈಲ್‌ಕೋಲೀನ್ ಎಂಬ ಔಷಧಿಯನ್ನು ೧೯೫೦ರ ದಶಕದಿಂದ ಬಳಸುತ್ತ ಬಂದಿದ್ದಾರೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆ ಕಿಣ್ವವಿಲ್ಲದವರಲ್ಲಿ ಔಷಧಿಯ ಪ್ರಭಾವ ಗಂಟೆಗಟ್ಟಲೆ ಉಳಿದು, ಉಸಿರಾಟವೇ ನಿಂತುಹೋಗುತ್ತದೆ, ಕೃತಕವಾಗಿ ಉಸಿರಾಡಿಸುತ್ತಿರಬೇಕಾಗುತ್ತದೆ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತವರ ಸಹಕಾರಿಗಳು ೨೦೦೬ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಸಮುದಾಯದ ಕಿಣ್ವದೋಷಕ್ಕೆ ಒಂದೇ ಒಂದು ವಂಶವಾಹಿಯ ಮಾರ್ಪಾಡು ಕಾರಣವೆಂದು ತೋರಿಸಿದರು. ಇದು ಅಪ್ರಬಲವಾದ ದೋಷ. ತಂದೆತಾಯಿಗಳಿಬ್ಬರಿಂದಲೂ ಒಂದೊಂದು ಪ್ರತಿ ಬಂದವರಿಗೆ ಮಾತ್ರ ತೊಂದರೆ. ಅಂತಹವರು ಆ ಔಷಧಿಯ ಸಂಪರ್ಕಕ್ಕೆ ಬಾರದಿದ್ದರೆ, ತಮ್ಮಲ್ಲಿ ಕೊರತೆಯೊಂದಿದೆಯೆಂದು ಎಂದೂ ತಿಳಿಯದೆ ಬಾಳಬಲ್ಲರು. ಆ ಔಷಧಿ ಹುಟ್ಟುವುದಕ್ಕೆ ಮುಂಚಿನ ನೂರು ಪೀಳಿಗೆಗಳಲ್ಲಿ ಈ ಮಾರ್ಪಾಡಿನಿಂದ ಇಂತಹ ಅಪಾಯವಿರಲಿಲ್ಲ. ವೈದ್ಯನಿಗೆ ಮುಂಚಿತವಾಗಿ ತಿಳಿಸಿದರೆ ಬೇರೆ ಔಷಧಿಯಿಂದ ಅಪಾಯ ಪೂರ್ಣವಾಗಿ ತಪ್ಪುತ್ತದೆ. ಬೀಜದ ದೋಷ ತಪ್ಪದ ವಿಧಿಯೆಂಬ ಮಾತಿಗೆ ಇದೇ ಉತ್ತರ.

ರೋಗವಿಲ್ಲದ ಸಾಮಾನ್ಯ ಜನರಲ್ಲಿಯೂ ಇದೇ ತತ್ತ್ವ ನಡೆಯುತ್ತದೆ. ಊರು ಬಿಟ್ಟು ಬಂದವರ ವಿಷಯದಲ್ಲಿ ಇದು ವಿಶೇಷವಾಗಿ ಸ್ಪಷ್ಟವಾಗುತ್ತದೆ. ೨೦೧೦ರಲ್ಲಿ ಪ್ರಕಟವಾದ ಭಾರತೀಯ ವಲಸೆ ಅಧ್ಯಯನವು ಲಖನೌ, ನಾಗಪುರ, ಹೈದರಾಬಾದು, ಬೆಂಗಳೂರು ನಗರಗಳ ಕಾರ್ಖಾನೆಗಳಲ್ಲಿ ದುಡಿಯುವ ವಲಸೆಗಾರರನ್ನೂ ಹಳ್ಳಿಯಲ್ಲಿಯೇ ಉಳಿದ ಅವರ ಒಡಹುಟ್ಟಿದವರನ್ನೂ ಹೋಲಿಸಿತು. ಹೈದರಾಬಾದಿನಲ್ಲಿ ಆರಿಸಿದ್ದು ನಗರದ ಇನ್ನೊಂದು ತುದಿಯ ಭಾರಿ ವಿದ್ಯುತ್ ಯಂತ್ರಗಳ ಕಾರ್ಖಾನೆ. ಆದರೆ ಅಲ್ಲಿನ ಕೆಲಸಗಾರನ ಬಾಳು ಕುಷಾಯಿಗೂಡದವನ ಬಾಳಿಗಿಂತ ಬಹಳ ಬೇರೆಯಾದುದಲ್ಲ. ಗಂಡಸರಲ್ಲಿ ಮಧುಮೇಹ ಹಳ್ಳಿಯಲ್ಲಿ ಉಳಿದವರಿಗೆ ನೂರಕ್ಕೆ ೬.೨ರಷ್ಟಿದ್ದರೆ, ವಲಸೆ ಬಂದವರಿಗೆ ೧೪.೩ರಷ್ಟಿತ್ತು, ನಗರದಲ್ಲಿಯೇ ಬೆಳೆದವರಿಗೆ ೧೩.೫. ಅಣ್ಣತಮ್ಮಂದಿರ ಬೀಜ ಬಹುಪಾಲು ಸಮಾನವಾದುದರಿಂದ, ಈ ಅಂತರದ ಹೆಚ್ಚಿನ ಭಾಗವನ್ನು ನಗರದ ಊಟಕ್ಕೂ ಕುಳಿತ ದುಡಿಮೆಗೂ ಆರೋಪಿಸಬೇಕಾಗುತ್ತದೆ. ಆದರೂ ವಲಸೆ ಬಂದ ನೂರು ಮಂದಿಯಲ್ಲಿ ಎಂಬತ್ತೈದಕ್ಕೂ ಮೇಲ್ಪಟ್ಟವರಿಗೆ ಮಧುಮೇಹವಿರಲಿಲ್ಲ. ಒಂದೇ ನಗರದಲ್ಲಿ ಒಬ್ಬನಿಗೆ ಬಂದು ಇನ್ನೊಬ್ಬನಿಗೆ ಬಾರದಿರುವುದರಲ್ಲಿ ಬೀಜದ ಪಾತ್ರವೂ ಇದೆ.

ಮೇಲ್ಕಂಡ ಸಂಗತಿಗಳನ್ನು ಒಟ್ಟಾಗಿ ನೋಡಿದರೆ, ಬೀಜದ ಪಾಲೆಷ್ಟು, ಕ್ಷೇತ್ರದ ಪಾಲೆಷ್ಟು ಎಂಬ ಲೆಕ್ಕವು ಒಂದು ಕಾಲದ, ಒಂದು ಸಮುದಾಯದ, ಒಂದು ಬಗೆಯ ಜೀವನದ ಲೆಕ್ಕವೇ ಹೊರತು ಸಾರ್ವಕಾಲಿಕವಾದುದಲ್ಲವೆಂಬುದು ಸ್ಪಷ್ಟವಾಗುತ್ತದೆ. ಎಲ್ಲರಿಗೂ ಒಂದೇ ಒಳ್ಳೆಯ ನೀರು ದೊರೆತ ಊರಿನಲ್ಲಿ ಉಳಿಯುವ ಭೇದಗಳು ಹೆಚ್ಚಾಗಿ ಬೀಜದವಾಗಿ ತೋರುತ್ತವೆ. ಒಂದು ಬೀದಿಗೆ ನದಿಯ ನೀರು, ಇನ್ನೊಂದಕ್ಕೆ ಫ್ಲೋರೈಡಿನ ಬಾವಿ ಎಂದಾದಾಗ ಕ್ಷೇತ್ರದ ಪಾಲು ಮೇಲೇಳುತ್ತದೆ. ಅದಲ್ಲದೆ, ಕಾರಣ ಎಲ್ಲಿದೆಯೆಂಬುದೂ ಪರಿಹಾರ ಎಲ್ಲಿದೆಯೆಂಬುದೂ ಎರಡು ಬೇರೆ ಪ್ರಶ್ನೆಗಳು. ನಲ್ಗೊಂಡದಲ್ಲಿ ಕಾರಣ ನೀರಿನಲ್ಲಿದ್ದರೂ ಪರಿಹಾರಕ್ಕೆ ಅರುವತ್ತು ವರ್ಷಗಳು ಹಿಡಿದುವು. ಕಿಣ್ವದೋಷದ ಕಾರಣ ಬೀಜದಲ್ಲಿದ್ದರೂ ಪರಿಹಾರಕ್ಕೆ ಒಂದು ಮಾತು ಸಾಕು. ಹಂದಿಗೋಡಿನ ಮನೆತನಗಳಿಗೆ ಬೇಕಾಗಿದ್ದುದು ಎರಡು ಬಗೆಯ ನ್ಯಾಯ: ತಮ್ಮ ರೋಗದ ನಿಜವಾದ ಮೂಲವನ್ನು ತಿಳಿಯುವುದು ಒಂದು, ಆ ಮೂ್ಲ ತಿಳಿದ ಮೇಲೆ ಅದನ್ನು ಹಣೆಬರಹವೆಂದು ಕೈಬಿಡದಿರುವುದು ಇನ್ನೊಂದು. ಮೊದಲನೆಯದನ್ನು ಶಾಸ್ತ್ರವು ಸುಮಾರು ಇಪ್ಪತ್ತು ವರ್ಷಗಳಲ್ಲಿ ಒದಗಿಸಿತು. ಎರಡನೆಯದು ಶಾಸ್ತ್ರದ ಕೈಯಲ್ಲಿರುವುದಲ್ಲ; ಸಮಾಜದ ಕೈಯಲ್ಲಿರುವುದು.